ಪರೀಕ್ಷೆ ಮುಗಿಸಿ ಸ್ಟೇಷನ್‌ಗೆ ಹೋದ ಕಮಲಾ

ಅಸ್ಸಾಮಿನ ದಕ್ಷಿಣದಲ್ಲಿ, ಬರಾಕ್ ನದಿಯ ದಂಡೆಯಲ್ಲಿ, ಕಛಾರ್ ಜಿಲ್ಲೆಯ ಊರು ಸಿಲ್ಚಾರ್ ಇದೆ. ರಾಜ್ಯ ಅಸ್ಸಾಂ, ಆದರೆ ಮನೆಯಲ್ಲೂ ಸಂತೆಯಲ್ಲೂ ಕಿವಿಗೆ ಬೀಳುವುದು ಜಾಸ್ತಿ ಬಂಗಾಳಿ, ಅದೂ ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ ಕಡೆಯ ಬಂಗಾಳಿ. ಇಲ್ಲಿನ ಹಳೆಯ ಶಾಲೆ ಛೋಟೇಲಾಲ್ ಸೇಠ್ ಇನ್‌ಸ್ಟಿಟ್ಯೂಟ್. ಅದರ ಅಂಗಳದಲ್ಲಿ 2011ರಲ್ಲಿ ಕೂರಿಸಿದ ಒಂದು ಕಂಚಿನ ಪ್ರತಿಮೆ ಇದೆ. ಅದು ಆ ಶಾಲೆಯಲ್ಲೇ ಓದಿದ ಹುಡುಗಿಯದು, ಹೆಸರು ಕಮಲಾ ಭಟ್ಟಾಚಾರ್ಯ. 1961ರಲ್ಲಿ ಬಂಗಾಳಿ ಭಾಷೆಗಾಗಿ ನಡೆದ ಹೋರಾಟದಲ್ಲಿ ಪ್ರಾಣ ಬಿಟ್ಟವಳು.

ಇದು ಬರೀ ಬಂಗಾಳಿಗಳ ನೋವಿನ ಕಥೆ ಎಂದುಕೊಂಡರೆ ತಪ್ಪಾಗುತ್ತದೆ. 1836ರಲ್ಲಿ ಬ್ರಿಟಿಷರು ಅಸ್ಸಾಮಿನ ಕೋರ್ಟಿಗೂ ಶಾಲೆಗೂ ಬಂಗಾಳಿಯನ್ನು ತಂದು ಕೂರಿಸಿದರು. ಅಸ್ಸಾಮಿ ತನ್ನ ನೆಲದಲ್ಲೇ ಶಾಲೆಗೆ ವಾಪಸ್ ಬರಲು 1873 ಆಗಬೇಕಾಯಿತು. ಅಷ್ಟು ವರ್ಷ ಮಕ್ಕಳು ಬೇರೆಯವರ ಭಾಷೆಯಲ್ಲಿ ಓದಿದ ನೋವು ಸುಮ್ನೆ ಮರೆತು ಹೋಗುತ್ತದಾ? ಮರುವರ್ಷವೇ ಬಂಗಾಳಿ ಮಾತಾಡುವ ಸಿಲ್ಹೆಟ್, ಕಛಾರ್‌ಗಳನ್ನು ಅಸ್ಸಾಂ ಪ್ರಾಂತ್ಯಕ್ಕೆ ಸೇರಿಸಿದರು. ಜಗಳದ ಬೀಜ ಅಲ್ಲೇ ಬಿತ್ತು.

1947ರ ಜನಮತಗಣನೆಯಲ್ಲಿ ಸಿಲ್ಹೆಟ್‌ನ ಬಹುಪಾಲು ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿನ ಎಷ್ಟೋ ಕುಟುಂಬಗಳು ಗಡಿ ದಾಟಿ ಕಛಾರ್‌ಗೆ ಬಂದವು. ಕಮಲಾಳ ಮನೆಯವರು ಬಂದದ್ದು 1950ರಲ್ಲಿ.

ತಂದೆ ಇಲ್ಲದ, ಅಕ್ಕನ ಟೀಚರ್ ಸಂಬಳದಲ್ಲಿ ನಡೆಯುತ್ತಿದ್ದ ಮನೆ. ಪಠ್ಯಪುಸ್ತಕ ಕೊಳ್ಳಲು ದುಡ್ಡಿಲ್ಲ, ಹಾಗಾಗಿ ಗೆಳತಿಯರ ಪುಸ್ತಕ ಕೇಳಿ ತಂದು ನೋಟ್‌ಬುಕ್ಕಿಗೆ ಬರೆದುಕೊಂಡು ಓದುತ್ತಿದ್ದಳು. ಒಂದು ಡಿಕ್ಷನರಿ ಕೊಡಿಸು ಎಂದು ಇನ್ನೊಬ್ಬ ಅಕ್ಕನನ್ನು ಕೇಳಿದ್ದಳಂತೆ, ಅದೂ ಆಗಲಿಲ್ಲ. ಹಾಗೆ ಓದಿಯೇ 1961ರಲ್ಲಿ ಮೆಟ್ರಿಕ್ ಬರೆದಳು.

ಅಷ್ಟರಲ್ಲಿ, 1960ರ ಅಕ್ಟೋಬರ್ 24ರಂದು, ಅಸ್ಸಾಮಿಯೊಂದೇ ರಾಜ್ಯದ ಆಡಳಿತ ಭಾಷೆ ಎಂಬ ಮಸೂದೆ ವಿಧಾನಸಭೆಯಲ್ಲಿ ಪಾಸಾಗಿತ್ತು. ಕಛಾರ್ ಸಿಡಿದೆದ್ದಿತು. 1961ರ ಮೇ 19ರಂದು ಬೆಳಗ್ಗಿನಿಂದಲೇ ಜನ ಸಿಲ್ಚಾರ್ ಸ್ಟೇಷನ್ನಿನ ಹಳಿಗಳ ಮೇಲೆ ಕೂತರು. ಕಮಲಾಳ ಪರೀಕ್ಷೆ ಮುಗಿದು ಒಂದೇ ದಿನ ಆಗಿತ್ತು. ಅಕ್ಕ ಸ್ಕೂಲಿಗೆ ಹೋಗಲೆಂದು ತೆಗೆದಿಟ್ಟಿದ್ದ ಸೀರೆ ಉಟ್ಟು ಹೊರಟಳು. ಅಶ್ರುವಾಯು ಬಿಟ್ಟರೆ ಮುಖಕ್ಕೆ ಹಿಡಿದುಕೋ ಎಂದು ಅಮ್ಮ ಒಂದು ತುಂಡು ಬಟ್ಟೆ ಕೊಟ್ಟು ಕಳಿಸಿದರು. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಗೋಲಿಬಾರ್ ಆಯಿತು. ಒಟ್ಟು 11 ಜನ ಸತ್ತರು, ಅವರಲ್ಲಿ ಹೆಣ್ಣುಮಗಳು ಕಮಲಾ ಒಬ್ಬಳೇ. ಆಗ ಅವಳಿಗೆ 16.

ಆಮೇಲೆ ಕಾಯ್ದೆ ತಿದ್ದಿ, ಕಛಾರ್ ಜಿಲ್ಲೆಯ ಆಡಳಿತದಲ್ಲಿ ಬಂಗಾಳಿ ಬಳಸಲು ಒಪ್ಪಿದರು. ಆದರೆ ವಿಷಯ ಮತ್ತೆ ಮತ್ತೆ ತರಗತಿಗೇ ಬಂದು ನಿಂತಿತು. 1972ರಲ್ಲಿ ಉನ್ನತ ಶಿಕ್ಷಣದ ಮಾಧ್ಯಮಕ್ಕಾಗಿ ನಡೆದ ಹೋರಾಟದಲ್ಲಿ ಸಿಲ್ಚಾರ್ ಹತ್ತಿರದ ಕರೀಂಗಂಜಿನಲ್ಲಿ ಒಬ್ಬರು ಪ್ರಾಣ ಬಿಟ್ಟರು. 1986ರಲ್ಲಿ ಹೈಸ್ಕೂಲುಗಳಲ್ಲಿ ಅಸ್ಸಾಮಿ ಕಡ್ಡಾಯ ಎಂಬ ಸುತ್ತೋಲೆ ಬಂತು, ಜುಲೈ 21ರಂದು ಅದೇ ಊರಿನಲ್ಲಿ ಮತ್ತಿಬ್ಬರು ಸತ್ತರು. ಹೈಸ್ಕೂಲಿನ ಭಾಷೆಗಾಗಿ ಜನ ಬೀದಿಗಿಳಿಯುವುದು ಗೋಕಾಕ್ ಚಳವಳಿ ಕಂಡ ನಮಗೆ ಹೊಸದೇನಲ್ಲ, ಅಲ್ವಾ? ತನ್ನ ಮಗು ಯಾವ ಭಾಷೆಯಲ್ಲಿ ಓದಬೇಕು ಎನ್ನುವ ಆತಂಕ ಅಸ್ಸಾಮಿಯವರಿಗೂ ಇತ್ತು, ಬಂಗಾಳಿಯವರಿಗೂ ಇತ್ತು. ಒಬ್ಬರ ಭಯ ಇನ್ನೊಬ್ಬರಿಗೆ ಕಾಣಲಿಲ್ಲ ಎಂಬುದೇ ನನ್ನನ್ನು ಕಾಡುವುದು.

ಮೆಟ್ರಿಕ್ ಮುಗಿದ ಮೇಲೆ ಟೈಪಿಂಗ್ ಕಲಿಯಬೇಕು ಎಂದು ಕಮಲಾ ಅಂದುಕೊಂಡಿದ್ದಳು. ಅವಳು ಸತ್ತ ಮೇಲೆ ರಿಸಲ್ಟ್ ಬಂತು. ಪಾಸಾಗಿದ್ದಳು.