ರಿಲೀಸ್ ಡೇಟ್ ಯಾವಾಗ ನಂಬಬೇಕು?

ಗಂಗಾವತಿಯ ಓದುಗರೊಬ್ಬರ ಪ್ರಶ್ನೆ: "ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೀತೀನಿ. ದೊಡ್ಡ ಸಿನಿಮಾ ಬಂದ್ರೆ ಅಪ್ಪನ್ನ ಕರ್ಕೊಂಡು ಮೊದಲ ದಿನವೇ ನೋಡೋದು ನಮ್ಮ ರೂಢಿ. ಎರಡು ಸಲ ರಜೆ ಕೇಳಿದೆ, ಎರಡು ಸಲವೂ ಸಿನಿಮಾ ಮುಂದಕ್ಕೆ ಹೋಯ್ತು. ಮೂರನೇ ಸಲ ಸಾಹುಕಾರರ ಹತ್ರ ಹೋಗೋಕೆ ಮುಖ ಇಲ್ಲ. ಡೇಟ್ ಹೇಳಿ ಯಾಕೆ ಬದಲಾಯಿಸ್ತಾರೆ? ಯಾವ ಡೇಟ್ ನಂಬಬೇಕು?"

ಬಳ್ಳಾರಿಯಲ್ಲಿ ನನ್ನನ್ನೂ ಗೆಳೆಯರು ಇದನ್ನೇ ಕೇಳುತ್ತಾರೆ. ಒಂದೇ ಮಾತಲ್ಲಿ ಹೇಳಬೇಕೆಂದರೆ, ಮೊದಲು ಹೇಳಿದ ಡೇಟನ್ನು ನೆನಪಿಟ್ಟುಕೊಳ್ಳಿ, ಆದರೆ ಅದನ್ನು ನಂಬಿ ರಜೆ ಹಾಕಬೇಡಿ.

ಹಬ್ಬದ ಹಿಂದಿನ ದಿನ ನಮ್ಮ ಬಸ್ ಸ್ಟ್ಯಾಂಡ್ ನೋಡಿದ್ದೀರಲ್ಲ? ಬಸ್ಸು ಇನ್ನೂ ಸರಿಯಾಗಿ ನಿಂತಿರುವುದಿಲ್ಲ, ಕಿಟಕಿಯಿಂದ ಟವೆಲ್ ಒಳಗೆ ಬಿದ್ದಿರುತ್ತದೆ. ಸೀಟು ಹಿಡಿದಾಯಿತು. ಟವೆಲ್ ಹಾಕಿದವರು ಹತ್ತುತ್ತಾರೋ ಇಲ್ಲವೋ, ಅದು ಆಮೇಲಿನ ಮಾತು. ಮೊದಲ ರಿಲೀಸ್ ಡೇಟ್ ಕೂಡ ಹೀಗೇ ಹಾಕಿದ ಟವೆಲ್. ವರ್ಷದಲ್ಲಿ ಒಳ್ಳೆಯ ವಾರಗಳು ಕೆಲವೇ. ಸಂಕ್ರಾಂತಿ, ಯುಗಾದಿ, ದಸರಾ, ದೀಪಾವಳಿ, ಬೇಸಿಗೆ ರಜೆ. ಅವಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಶೂಟಿಂಗ್ ಅರ್ಧವೂ ಆಗಿರುವುದಿಲ್ಲ, ಡೇಟ್ ಮಾತ್ರ ಹೊರಬಿದ್ದಿರುತ್ತದೆ. ಆ ವಾರಕ್ಕೆ ಬೇರೆ ದೊಡ್ಡ ಸಿನಿಮಾ ಬರದಿರಲಿ ಎಂಬುದು ಲೆಕ್ಕ.

ಕೆಜಿಎಫ್ ಎರಡನೇ ಭಾಗಕ್ಕೆ ಮೊದಲು ಹೇಳಿದ್ದು 2020ರ ಅಕ್ಟೋಬರ್ 23. ಆಮೇಲೆ 2021ರ ಜುಲೈ 16 ಅಂದರು. ಕೊನೆಗೆ ಬಂದದ್ದು 2022ರ ಏಪ್ರಿಲ್ 14ಕ್ಕೆ. ಆ ದಿನ ಗುರುವಾರ, ಅಂಬೇಡ್ಕರ್ ಜಯಂತಿ. ಮರುದಿನ ಗುಡ್ ಫ್ರೈಡೇ, ಆಮೇಲೆ ಶನಿವಾರ, ಭಾನುವಾರ. ನಾಲ್ಕು ದಿನ ಸಿಕ್ಕಿತು. ಆರ್‌ಆರ್‌ಆರ್ ಅಂತೂ 2020ರ ಜುಲೈ 30ರಿಂದ ಹೊರಟು ಹಲವು ಡೇಟ್ ದಾಟಿ, 2022ರ ಮಾರ್ಚ್ 25ಕ್ಕೆ ತೆರೆಗೆ ಬಂತು. ಈ ಎರಡಕ್ಕೂ ಕೊರೊನಾ ಅಡ್ಡ ಬಂದಿತ್ತು, ಅದನ್ನು ತಪ್ಪು ಅನ್ನಲಾಗದು.

ಕೊಟ್ಟ ಮಾತು ಉಳಿಸಿಕೊಂಡವರೂ ಇದ್ದಾರೆ. ಕಾಂತಾರ ಅಧ್ಯಾಯ 1ಕ್ಕೆ 2025ರ ಅಕ್ಟೋಬರ್ 2 ಎಂದು ಹೆಚ್ಚುಕಡಿಮೆ ಹನ್ನೊಂದು ತಿಂಗಳು ಮೊದಲೇ ಹೇಳಿದ್ದರು. ಆ ದಿನ ಗಾಂಧಿ ಜಯಂತಿ, ವಿಜಯದಶಮಿ ಎರಡೂ ಒಟ್ಟಿಗೆ ಬಂದಿದ್ದವು. ಸಿನಿಮಾ ಅದೇ ದಿನ ಬಂತು. ನನಗೆ ಆ ಶಿಸ್ತು ಬಹಳ ಹಿಡಿಸಿತು.

ಸರಿ, ಹಾಗಾದರೆ ಯಾವಾಗ ನಂಬುವುದು? ಮೊದಲು ಕುಂಬಳಕಾಯಿ ಒಡೆದ ಸುದ್ದಿಗೆ ಕಾಯಿರಿ. ಶೂಟಿಂಗ್ ಪೂರ್ತಿ ಮುಗಿಯಿತು ಎಂಬುದಕ್ಕೆ ನಮ್ಮ ಚಿತ್ರರಂಗದ ಗುರುತು ಅದು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಡಬ್ಬಿಂಗ್, ಹಿನ್ನೆಲೆ ಸಂಗೀತ, ಬಣ್ಣ ತಿದ್ದುವುದು, ಸೌಂಡ್ ಮಿಕ್ಸಿಂಗ್ ಎಲ್ಲ ಬಾಕಿ ಇರುತ್ತವೆ. ಐದು ಭಾಷೆಯ ಸಿನಿಮಾ ಆದರೆ ಐದೂ ಭಾಷೆಯ ಡಬ್ಬಿಂಗ್ ಆಗಬೇಕು. ಇವತ್ತು ಜಾಸ್ತಿ ತಡ ಆಗುವುದು ಗ್ರಾಫಿಕ್ಸಿನಿಂದ. ಒಂದೇ ಸಿನಿಮಾದ ಶಾಟ್‌ಗಳನ್ನು ಹತ್ತಾರು ಕಡೆ ಹಂಚಿರುತ್ತಾರೆ. ಒಂದು ಕಡೆಯಿಂದ ಬಂದದ್ದು ಸರಿ ಕಾಣಲಿಲ್ಲ ಅಂದರೆ ಮತ್ತೆ ಮಾಡಿಸಬೇಕು. ಅಷ್ಟರಲ್ಲಿ ತಿಂಗಳು ಉರುಳುತ್ತದೆ. ಇದಕ್ಕಾಗಿ ಮುಂದಕ್ಕೆ ಹಾಕಿದರೆ ನನಗೆ ಬೇಜಾರಿಲ್ಲ. ಅರೆಬೆಂದ ಗ್ರಾಫಿಕ್ಸ್ ದೊಡ್ಡ ಪರದೆ ಮೇಲೆ ನೋಡುವುದಕ್ಕಿಂತ ಕಾಯುವುದೇ ವಾಸಿ. ಓಟಿಟಿಯವರ ಜೊತೆ ಒಪ್ಪಂದ ಕುದುರದೆ ತಡ ಆಗುವುದೂ ಉಂಟು. ಅದು ಹೊರಗೆ ಯಾರಿಗೂ ಕಾಣುವುದಿಲ್ಲ.

ಆಮೇಲಿನ ಗುರುತು ಸೆನ್ಸಾರ್. ಕನ್ನಡ ಸಿನಿಮಾಗಳು ಸಾಮಾನ್ಯವಾಗಿ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಹೋಗುತ್ತವೆ. ಸಿನಿಮಾ ಸಿದ್ಧವಾದ ಮೇಲೆಯೇ ಅಲ್ಲಿ ತೋರಿಸಬೇಕು. ಹಾಗಾಗಿ ಯು ಸಿಕ್ಕಿತು, ಎ ಸಿಕ್ಕಿತು, ಅಥವಾ 2024ರ ಹೊಸ ನಿಯಮದ ಪ್ರಕಾರ ಯುಎ 13+ ಸಿಕ್ಕಿತು ಎಂಬ ಸುದ್ದಿ ಬಂದರೆ ಪದಾರ್ಥ ಒಲೆಯಿಂದ ಇಳಿದಿದೆ ಅಂತ ಅರ್ಥ. ಸಿನಿಮಾ ಶುರುವಾಗುವ ಮೊದಲು ಪರದೆ ತುಂಬ ಆ ಸರ್ಟಿಫಿಕೇಟ್ ಬರುತ್ತದಲ್ಲ, ಶಿಳ್ಳೆ ಹೊಡೆಯುವ ಹೊತ್ತಿಗೆ ಅದರ ಮೇಲಿನ ತಾರೀಕು ನೋಡಿ. ನಾನು ತಪ್ಪದೆ ನೋಡುತ್ತೇನೆ. ಎಷ್ಟೋ ಸಿನಿಮಾಗಳಿಗೆ ಅದು ಬಿಡುಗಡೆಗೆ ವಾರದ ಮುಂಚಿನ ತಾರೀಕು!

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಬಳ್ಳಾರಿ 1953ರವರೆಗೆ ಮದ್ರಾಸ್ ಕಡೆ ಇತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ತೆಲುಗು ಸಿನಿಮಾ ವ್ಯಾಪಾರದಲ್ಲಿ ರಾಯಲಸೀಮೆಗೆ ಇವತ್ತಿಗೂ ಸೀಡೆಡ್ ಅನ್ನುತ್ತಾರೆ, ತೆಲಂಗಾಣಕ್ಕೆ ನೈಜಾಂ. 1800ರಲ್ಲಿ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟ ಆ ಸೀಡೆಡ್ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಇತ್ತು. ಹೀಗಾಗಿ ನಾವು ಎರಡೂ ಭಾಷೆಯ ಸಿನಿಮಾಗಳಿಗೆ ಅಷ್ಟೇ ಆಸೆಯಿಂದ ಕಾಯುವವರು. ಆದರೆ ಥಿಯೇಟರ್ ಇರುವುದು ಬೆರಳೆಣಿಕೆ. ಸಂಕ್ರಾಂತಿಗೆ ತೆಲುಗಿನ ಎರಡು ಮೂರು ದೊಡ್ಡ ಸಿನಿಮಾ ಒಟ್ಟಿಗೆ ಬಂದರೆ, ಬೆಂಗಳೂರಿನಲ್ಲಿ ಅದೇ ದಿನ ಬಿಡುಗಡೆಯಾದ ಕನ್ನಡ ಸಿನಿಮಾ ನಮ್ಮೂರಿಗೆ ಬಾರದೆಯೂ ಇರಬಹುದು. ಅದಕ್ಕೇ ಊರಿನ ಗೋಡೆ ನೋಡಿ ಅನ್ನುವುದು. ಬರೀ ಹೀರೋ ಮುಖದ ಪೋಸ್ಟರ್ ಲೆಕ್ಕಕ್ಕಿಲ್ಲ. ಅದರ ಕೆಳಗೆ ಥಿಯೇಟರ್ ಹೆಸರು, "ದಿನವಹಿ 4 ಆಟಗಳು" ಎಂಬ ಪಟ್ಟಿ ಅಂಟಿಸಿದ್ದಾರಾ ನೋಡಿ. ಅದು ಇದ್ದರೆ ನಿಮ್ಮೂರಿನ ಮಾತುಕತೆ ಮುಗಿದಿದೆ.

ಇಷ್ಟಾದ ಮೇಲೂ ಕೊನೆ ಗಳಿಗೆಯಲ್ಲಿ ನಿಲ್ಲುವುದುಂಟು. ಅಖಂಡ 2 ತೆಲುಗು ಸಿನಿಮಾ 2025ರ ಡಿಸೆಂಬರ್ 5ಕ್ಕೆ ಬರಬೇಕಿತ್ತು. ಹಳೆಯ ಬಾಕಿಯ ವಿಷಯ ಕೋರ್ಟಿಗೆ ಹೋಗಿ, ಹಿಂದಿನ ದಿನ ತಡೆ ಬಿತ್ತು. ಬಂದದ್ದು 12ಕ್ಕೆ.

ಇಲ್ಲಿ ಪ್ರೊಜೆಕ್ಟರ್ ಕೋಣೆಯ ಒಂದು ಸಂಗತಿ ಹೇಳಬೇಕು. ಒಮ್ಮೆ ಬಳ್ಳಾರಿಯ ಹಳೆಯ ಥಿಯೇಟರ್ ಒಂದರಲ್ಲಿ ಆಪರೇಟರ್ ಅಣ್ಣನ ಪಕ್ಕ ಕುಳಿತು ನೋಡಿದ್ದೇನೆ. ಈಗ ರೀಲಿನ ಡಬ್ಬಿಗಳಿಲ್ಲ. ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಸ್ಯಾಟಲೈಟ್ ಮೂಲಕವೋ ಮೊದಲೇ ಬಂದು ಸರ್ವರಿನಲ್ಲಿ ಕೂತಿರುತ್ತದೆ. ಆದರೆ ಬೀಗ ಹಾಕಿರುತ್ತದೆ. ಅದನ್ನು ತೆಗೆಯಲು ಆ ಒಂದು ಸರ್ವರಿಗೆ ಮಾತ್ರ ಒಪ್ಪುವ ಕೀ ಬೇಕು. ಅದೂ ಒಂದು ಫೈಲ್ ಅಷ್ಟೇ. ಇಂಥ ದಿನ ಇಷ್ಟು ಗಂಟೆಯಿಂದ ಇಂಥ ದಿನದವರೆಗೆ ಎಂದು ಅದರಲ್ಲೇ ಬರೆದಿರುತ್ತದೆ. ಹಣದ ಲೆಕ್ಕ ಚುಕ್ತಾ ಆಗದಿದ್ದರೆ ಕೀ ಬರುವುದಿಲ್ಲ. ಕೆಳಗೆ ಗೇಟಿನ ಹತ್ತಿರ ಡೊಳ್ಳು, ಹಾಲಿನ ಅಭಿಷೇಕ. ಮೇಲೆ ಆ ಅಣ್ಣ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು: "ಕೀ ಬಂತಾ ಸರ್?" ಅವತ್ತು ಬಂತು. ಅವರ ಹಣೆಯ ಬೆವರು ಮಾತ್ರ ಇಂಟರ್ವಲ್ ತನಕ ಆರಲಿಲ್ಲ.

ನಾನು ಮುಂದೆ ಕಾಯುತ್ತಿರುವ ಎರಡು ಸಿನಿಮಾ ಹೇಳಿಬಿಡುತ್ತೇನೆ. ಒಂದು ರಾಮಾಯಣ. ಯಶ್ ರಾವಣ. ಮೊದಲ ಭಾಗ 2026ರ ದೀಪಾವಳಿಗೆ, ಎರಡನೆಯದು 2027ರ ದೀಪಾವಳಿಗೆ ಎಂದು ಹೇಳಿದ್ದಾರೆ. ಇನ್ನೊಂದು ರಾಜಮೌಳಿಯವರ ವಾರಣಾಸಿ, 2027ಕ್ಕೆ ಅಂದಿದ್ದಾರೆ. ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ. ಕ್ಯಾಂಪಿನ ಹುಡುಗನ ಸಿನಿಮಾ ಅಂದಮೇಲೆ ನಮಗೆ ಒಂದು ಕೈ ಜಾಸ್ತಿ ಆಸೆ, ಅಲ್ವಾ? ಎರಡರಲ್ಲೂ ಗ್ರಾಫಿಕ್ಸ್ ಕೆಲಸ ಬೆಟ್ಟದಷ್ಟು. ಡೇಟನ್ನು ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.

ನೀವು ಒಂದು ಕೆಲಸ ಮಾಡಿ. ಸಾಹುಕಾರರಿಗೆ ಡೇಟ್ ಹೇಳಬೇಡಿ, "ಇಂಥ ಸಿನಿಮಾ ಬಂದಾಗ ಒಂದು ದಿನ ಬೇಕು" ಅಂತ ಈಗಲೇ ಕಿವಿಗೆ ಹಾಕಿಡಿ. ಸೆನ್ಸಾರ್ ಸುದ್ದಿ ಬಂದಾಗ ಅಪ್ಪನಿಗೆ ಹೇಳಿ. ಗೋಡೆ ಮೇಲೆ ಥಿಯೇಟರ್ ಪಟ್ಟಿ ಕಂಡು, ಬುಕಿಂಗ್ ಶುರುವಾದ ಮೇಲೆ ರಜೆ ಕೇಳಿ. ಮೊದಲ ಆಟದ ಬದಲು ಮಧ್ಯಾಹ್ನದ ಆಟಕ್ಕೆ ಟಿಕೆಟ್ ತೆಗೆಯಿರಿ. ಕೀ ತಡವಾದರೂ ಅಷ್ಟು ಹೊತ್ತಿಗೆ ಬಂದಿರುತ್ತದೆ, ಅಪ್ಪನೂ ಬಿಸಿಲಲ್ಲಿ ಗೇಟಿನ ಮುಂದೆ ನಿಲ್ಲಬೇಕಾಗಿಲ್ಲ.