ಲಿನಕ್ಸ್ ಹಾಕಿಕೊಡುವವರು ಯಾರು?

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ರಿಪೇರಿ ಮಾಡಿ ಮಾರುವುದು ನನ್ನ ಕಸುಬು. ಈಚೆಗೆ ಅಂಗಡಿಗೆ ಬರುವವರ ಪ್ರಶ್ನೆ ಒಂದೇ: "ಇದಕ್ಕೆ ವಿಂಡೋಸ್ 11 ಬರುತ್ತಾ?" ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ನಿನಿಂದ ಈಚೆಗಿನದಾಗಿರಬೇಕು. ಆರನೇ ಜನರೇಶನ್ನಿನ ಐ3, ಐ5ಗಳು ಹೊರಗೇ ಉಳಿದವು. ಅವೇನೂ ಕೆಟ್ಟಿಲ್ಲ. ಒಂದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ನಾಲ್ಕೈದು ವರ್ಷ ಓಡಿಸಬಹುದು.

ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೆ ಇಂಥ ಕಾಲ ಮತ್ತೆ ಬರಲಿಕ್ಕಿಲ್ಲ. ಆದರೆ ಅದರ ಅಭಿಮಾನಿಗಳದ್ದು ಇನ್ನೂ ಹಳೇ ರಾಗ. ವೈರಸ್ ಇಲ್ಲ, ಸ್ವಾತಂತ್ರ್ಯ ಇದೆ, ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಅನ್ನುವ ಮಾತಂತೂ ನಮ್ಮಲ್ಲಿ ನಡೆಯುವುದೇ ಇಲ್ಲ. ಇಲ್ಲಿ ಎಷ್ಟೋ ಜನಕ್ಕೆ ವಿಂಡೋಸೂ ಪುಕ್ಕಟೆಯೇ, ಅಲ್ವಾ? ನಾನೂರೋ ಐನೂರೋ ಕೂಲಿ ತಗೊಂಡು ಕದ್ದ ಕಾಪಿ ಹಾಕಿಕೊಡುವವರು ಬೀದಿಗೊಬ್ಬರಿದ್ದಾರೆ.

ಸುಮ್ನೆ ಹಂಚಿದರೂ ಆಗುವುದಿಲ್ಲ. 2004ರಲ್ಲಿ ಬಂದ ಉಬುಂಟು ಎಂಬ ಲಿನಕ್ಸ್‌ನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದೇ. 2011ರಲ್ಲಿ ಅದನ್ನು ನಿಲ್ಲಿಸಿದರು. ಸಿಡಿ ತರಿಸಿಕೊಂಡವರು ಆಗಲೇ ಕಂಪ್ಯೂಟರ್ ಹುಚ್ಚು ಹಿಡಿದವರು. ಅವರ ಮನೆಯವರಿಗೆ ಅದು ಬೇಕಿರಲಿಲ್ಲ. ಆದರೆ 2007ರಲ್ಲಿ ಏಸುಸ್‌ ಕಂಪನಿಯ ಪುಟ್ಟ ಲ್ಯಾಪ್‌ಟಾಪ್ ಈ-ಪಿಸಿ ಬಂದಾಗ ಲಿನಕ್ಸ್ ಒಳಗೇ ಇತ್ತು, ಜನ ಕೊಂಡು ಬಳಸಿದರು. ಮೈಕ್ರೋಸಾಫ್ಟ್ ಗಾಬರಿಯಾಗಿ ಇಂಥ ಪುಟ್ಟ ಲ್ಯಾಪ್‌ಟಾಪ್‌ಗಳಿಗೆಂದೇ ಹಳೇ ವಿಂಡೋಸ್ ಎಕ್ಸ್‌ಪಿಯ ಆಯುಸ್ಸು ಹೆಚ್ಚಿಸಿತು, ಸ್ವಲ್ಪ ದಿನಕ್ಕೇ ಆ ಜಾಗ ಮತ್ತೆ ವಿಂಡೋಸ್ ಪಾಲಾಯಿತು. ಗೂಗಲ್‌ನ ಕ್ರೋಮ್‌ಬುಕ್ ಲ್ಯಾಪ್‌ಟಾಪ್, ಗೇಮ್ ಆಡಲಿಕ್ಕೆಂದು 2022ರಲ್ಲಿ ಬಂದ ಸ್ಟೀಮ್ ಡೆಕ್ ಇವುಗಳ ಒಳಗೂ ಇರುವುದು ಲಿನಕ್ಸೇ. ಕೊಂಡವರಲ್ಲಿ ಜಾಸ್ತಿ ಜನ ಅದನ್ನು ಕೇಳಲೂ ಇಲ್ಲ.

ಸಾಮಾನ್ಯ ಜನ ಆಪರೇಟಿಂಗ್ ಸಿಸ್ಟಂ ಆರಿಸುವುದಿಲ್ಲ. ಹಾಕಿಕೊಟ್ಟದ್ದನ್ನು ಬಳಸುತ್ತಾರೆ. ಹಾಕಿಕೊಡುವವರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕಿನ ಬಸ್‌ಸ್ಟ್ಯಾಂಡ್ ಪಕ್ಕದವರೆಗೆ ಕೂತಿರುವ ನಮ್ಮಂಥ ರಿಪೇರಿಯವರು. ನಮ್ಮ ಲೆಕ್ಕಾಚಾರವೇ ಬೇರೆ. "ಸ್ಲೋ ಆಗಿದೆ, ಒಂದ್ಸಲ ಫಾರ್ಮ್ಯಾಟ್ ಹೊಡೀರಿ" ಎಂದು ಗಿರಾಕಿ ಮತ್ತೆ ಮತ್ತೆ ಬಂದರೇನೇ ಅಂಗಡಿ ಬಾಡಿಗೆ ಹುಟ್ಟುವುದು. ಲಿನಕ್ಸ್ ಹಾಕಿದರೆ ಆ ಓಡಾಟ ಕಮ್ಮಿ. ಅದರ ಬದಲು ಮೊದಲ ವಾರ ಫೋನ್ ಮೇಲೆ ಫೋನ್, ಅದಕ್ಕೆ ಕಾಸಿಲ್ಲ. ಹಾಗಾಗಿ ನಾನು ಒಂದು ವರ್ಷದ ಸರ್ವಿಸನ್ನು ಲ್ಯಾಪ್‌ಟಾಪಿನ ಬೆಲೆಯಲ್ಲೇ ಸೇರಿಸುತ್ತೇನೆ. ಅಷ್ಟು ಮಾಡಿದರೆ ನಮಗೂ ಗಿಟ್ಟುತ್ತದೆ.

ಎಲ್ಲರಿಗೂ ಹಾಕುವುದಿಲ್ಲ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರಿಗೆ "ನಿಮಗೆ ವಿಂಡೋಸೇ ಸರಿ" ಎಂದುಬಿಡುತ್ತೇನೆ. ಡಿಜಿಟಲ್ ಸಹಿಯ ಟೋಕನ್ ಇದೆಯಾ, ಪ್ರಿಂಟರ್ ಯಾವುದು ಎಂದೂ ಕೇಳುತ್ತೇನೆ. ಕೆಲವು ಹಳೇ ಲೇಸರ್ ಪ್ರಿಂಟರ್‌ಗಳ ಜೊತೆ ಅರ್ಧ ದಿನ ಗುದ್ದಾಡಿದರೂ ಒಂದು ಹಾಳೆ ಬರುವುದಿಲ್ಲ.

ಕನ್ನಡದ್ದು ಇನ್ನೊಂದು ಕಥೆ. ನಿವೃತ್ತ ಹೆಡ್‌ಮೇಷ್ಟ್ರೊಬ್ಬರು ಹೊಸದಾಗಿ ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನಲ್ಲಿ ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ತಮ್ಮ ಹಳೇ ಫೈಲ್ ತೆರೆದರು. ಪುಟದ ತುಂಬ ಇಂಗ್ಲಿಷ್ ಅಕ್ಷರದ ಗಜಿಬಿಜಿ. "ಎಲ್ಲಾ ಹಾಳಾಯ್ತಲ್ರೀ!" ಹಾಳೇನೂ ಆಗಿರಲಿಲ್ಲ. ಅದು ಯೂನಿಕೋಡ್ ಎಂಬ ಈಗಿನ ಅಕ್ಷರ ಪದ್ಧತಿಗಿಂತ ಹಿಂದಿನ ಫಾಂಟಿನಲ್ಲಿ ಬರೆದದ್ದು. ಅದೇ ನುಡಿ ಫಾಂಟನ್ನು ಲಿನಕ್ಸ್‌ಗೂ ಹಾಕಿದೆ, ವರ್ಡ್ ಥರದ ಲಿಬ್ರೆ ಆಫೀಸಿನಲ್ಲಿ ಪುಟ ಸರಿಯಾಯಿತು. ಹೊಸದಾಗಿ ಬರೆಯಲು ಲಿನಕ್ಸ್‌ನಲ್ಲಿ ಕೀಲಿಮಣೆ ಬದಲಿಸುವ ಐಬಸ್‌ನಲ್ಲಿ, ನುಡಿಯಲ್ಲೂ ಇರುವ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿಕೊಟ್ಟೆ. ಒತ್ತಕ್ಷರ ಬೇಕಾದಾಗ ಅವರ ಬೆರಳು ತಾನಾಗಿ ಎಫ್ ಕೀ ಮೇಲೆ ಹೋಯಿತು, ಅಕ್ಷರ ಮೂಡಿತು. "ಇದೂ ನುಡೀನೇ ಬಿಡಿ" ಎಂದರು ಮೇಷ್ಟ್ರು. ಐಕಾನ್ ಎಷ್ಟು ಚೆಂದ ಇದೆ ಅಂತ ಅವರು ನೋಡಲೇ ಇಲ್ಲ.

ಪಕ್ಕದ ಕೇರಳ ಇದನ್ನು ಶಾಲೆಯಿಂದ ಶುರು ಮಾಡಿತು. ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಲಿನಕ್ಸ್ ಸಿದ್ಧಪಡಿಸುತ್ತದೆ, ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತದೆ. ಕಂಪ್ಯೂಟರ್ ಕೈ ಕೊಟ್ಟಾಗ ಕೇಳಲು ಹತ್ತಿರದಲ್ಲೇ ಒಬ್ಬರಿರುತ್ತಾರೆ. ಲಿನಕ್ಸ್‌ನ ಜಾಹೀರಾತಿಗೆ ಹಾಕುವ ದುಡ್ಡು ಇಂಥ ತರಬೇತಿಗೆ ಹೋದರೆ ಜಾಸ್ತಿ ಪ್ರಯೋಜನ.

ಅಂಗಡಿಯವರಿಗೂ ಇಂಥದ್ದೇ ಬೇಕು. ಡಿಸ್ಟ್ರೋ ಅನ್ನುವ ಲಿನಕ್ಸ್‌ನ ನೂರಾರು ಬಗೆಗಳ ಪಟ್ಟಿ ಬೇಡ. ಕನ್ನಡದ ಫಾಂಟು, ಕೀಲಿಮಣೆ ಎಲ್ಲ ಮೊದಲೇ ಹೊಂದಿಸಿಟ್ಟ ಒಂದು ಪೆನ್‌ಡ್ರೈವ್, ಯಾವ ಪ್ರಿಂಟರ್ ನಡೆಯುತ್ತದೆ ಎಂಬ ಒಂದು ಹಾಳೆ, ಅಷ್ಟು ಸಾಕು. ಲಿನಕ್ಸ್ ಮಿಂಟ್ ಎಂಬ ಡಿಸ್ಟ್ರೋದಲ್ಲಿ ಓಇಎಂ ಇನ್‌ಸ್ಟಾಲ್ ಎಂಬ ಆಯ್ಕೆ ಇದೆ. ನಾವು ಎಲ್ಲ ಸಿದ್ಧ ಮಾಡಿಟ್ಟರೆ, ಕೊಂಡವರು ಮೊದಲ ಸಲ ಆನ್ ಮಾಡಿದಾಗ ತಮ್ಮ ಹೆಸರು, ಪಾಸ್‌ವರ್ಡ್ ಹಾಕಿಕೊಳ್ಳುತ್ತಾರೆ. ಥೇಟ್ ಹೊಸ ಲ್ಯಾಪ್‌ಟಾಪ್ ಥರ. ಎಷ್ಟೋ ಅಂಗಡಿಯವರಿಗೆ ಇದು ಗೊತ್ತೇ ಇಲ್ಲ.

ಇನ್ನು, ಮಾರುವಾಗ "ಇದು ವಿಂಡೋಸ್ ಅಲ್ಲ" ಎಂದು ಬಾಯಿಬಿಟ್ಟು ಹೇಳಿ, ಬಿಲ್ಲಿನ ಮೇಲೂ ಬರೆದುಕೊಡಬೇಕು. ಮುಚ್ಚಿಟ್ಟರೆ ಮನೆಗೆ ಹೋದ ಮೇಲೆ ಪಕ್ಕದ ಮನೆ ಹುಡುಗ "ಅಂಕಲ್, ನಿಮಗೆ ಡೂಪ್ಲಿಕೇಟ್ ಹಾಕಿಕೊಟ್ಟಿದ್ದಾರೆ" ಅನ್ನುತ್ತಾನೆ. ಮರುದಿನ ಲ್ಯಾಪ್‌ಟಾಪ್ ವಾಪಸ್ ಬರುತ್ತದೆ.