ಚೀಲದ ಮೇಲಿಟ್ಟು ಕೈ ಬಿಡಿ: ಪ್ರಿಸಿಷನ್ ರೈಫಲ್ ಸ್ಪರ್ಧೆಗೆ ಚಾಸಿ ಆರಿಸುವವರಿಗೆ ಟಿಪ್ಪಣಿ

ಟೆಕ್ಸಸ್‌ನ ಒಂದು ರೇಂಜು. ನನ್ನ ಮೊದಲ ಸ್ಪರ್ಧೆಯ ಹಿಂದಿನ ದಿನ. ಹಿರಿಯ ಶೂಟರ್ ಒಬ್ಬರು ನನ್ನ ರೈಫಲ್ ಇಸಿದುಕೊಂಡರು. ಬೋಲ್ಟ್ ತೆರೆದಿದೆ, ಮ್ಯಾಗಜೀನ್ ಕಳಚಿದೆ, ಗುಂಡು ಕೂರುವ ಚೇಂಬರಿನಲ್ಲಿ ಖಾಲಿ ಎಂದು ತೋರಿಸುವ ಹಳದಿ ಬಾವುಟ ಇದೆ ಅಂತ ಎರಡು ಸಲ ನೋಡಿದರು. ಬ್ಯಾರಿಕೇಡಿನ ಮೇಲೆ ಒಂದು ಮರಳಿನ ಚೀಲ ಇಟ್ಟು, ಅದರ ಮೇಲೆ ರೈಫಲ್ ಕೂರಿಸಿ, ಮೆಲ್ಲಗೆ ಕೈ ಸಡಿಲಿಸಿದರು. ನಳಿಗೆ ಮೇಲಕ್ಕೆದ್ದಿತು, ಹಿಂಬದಿ ಕುಸಿಯಿತು. ಬೀಳುವ ಮೊದಲೇ ಹಿಡಿದುಕೊಂಡರು. ಆಮೇಲೆ ಅದೇ ಚೀಲದ ಮೇಲೆ ತಮ್ಮದನ್ನು ಇಟ್ಟು ಕೈ ಬಿಟ್ಟರು. ಅದು ಗುಡಿ ಮುಂದಿನ ಕಲ್ಲಿನ ಬಸವನ ಹಾಗೆ ಅಲ್ಲಾಡದೆ ಕೂತಿತು. ನಿನ್ನ ಕೈ ಗುರಿ ಇಡುತ್ತಿಲ್ಲ, ಹೊರೆ ಹೊರುತ್ತಿದೆ ಎಂದಷ್ಟೇ ಹೇಳಿ ಅವರು ಕಾಫಿಗೆ ಹೋದರು.

ಆ ರೈಫಲ್ಲಿನ ಚೌಕಟ್ಟನ್ನು, ಅಂದರೆ ಚಾಸಿಯನ್ನು, ನಾನು ಕೊಂಡಿದ್ದು ಬಣ್ಣ ನೋಡಿ, ಮಡಚುವ ಹಿಂಬದಿ ನೋಡಿ. ಆಮೇಲಿನ ಎರಡು ಸೀಸನ್‌ಗಳಲ್ಲಿ ಕಲಿತದ್ದರಲ್ಲಿ ಉಪಯೋಗಕ್ಕೆ ಬಂದದ್ದನ್ನು ಮಾತ್ರ ಇಲ್ಲಿ ಬರೆದಿಟ್ಟಿದ್ದೇನೆ.

ಚಾಸಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಲಾರಿಗೆ ಚಾಸಿ ಇರುವ ಹಾಗೆಯೇ ಇದೂ. ಇಂಜಿನ್ನಿನ ಜಾಗದಲ್ಲಿ ಆ್ಯಕ್ಷನ್ (ಬೋಲ್ಟ್ ಓಡಾಡುವ, ಗುಂಡು ತುಂಬಿ ಸಿಡಿಸುವ ಯಂತ್ರಭಾಗ) ಮತ್ತು ನಳಿಗೆ. ಅವನ್ನು ಹೊತ್ತು ನಿಲ್ಲುವ ಅಲ್ಯೂಮಿನಿಯಂ ಚೌಕಟ್ಟು ಚಾಸಿ. ಹಳೆಯ ಕೋವಿಗಳ ಮರದ ಹಿಡಿ, ಅಂದರೆ ಸ್ಟಾಕ್, ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆ್ಯಕ್ಷನ್ ಕೂರುವ ಜಾಗ ಕೂದಲೆಳೆಯಷ್ಟು ಆಚೀಚೆಯಾದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಅದಕ್ಕೇ ಮರದ, ಫೈಬರಿನ ಸ್ಟಾಕ್‌ಗಳಲ್ಲಿ ಎಪಾಕ್ಸಿ ಸುರಿದು ಅಚ್ಚು ಕೂರಿಸುವ ಕೆಲಸ ಇರುತ್ತದೆ. ಚಾಸಿಯಲ್ಲಿ ಸಾಮಾನ್ಯವಾಗಿ ಅದರ ಅಗತ್ಯ ಇಲ್ಲ. ಲೋಹದಲ್ಲಿ ಕೊರೆದ 'ವಿ' ಆಕಾರದ ತೊಟ್ಟಿಲಲ್ಲಿ ದುಂಡನೆಯ ಆ್ಯಕ್ಷನ್ ಎರಡು ಗೆರೆಗಳ ಮೇಲೆ ಕೂರುತ್ತದೆ, ಎರಡು ಸ್ಕ್ರೂ ಬಿಗಿದರೆ ಮುಗಿಯಿತು.

ಈ ಯೋಚನೆಯನ್ನು ದೊಡ್ಡದಾಗಿ ಬಳಕೆಗೆ ತಂದದ್ದು ಇಂಗ್ಲೆಂಡಿನ ಆ್ಯಕ್ಯುರಸಿ ಇಂಟರ್‌ನ್ಯಾಷನಲ್. 1978ರಲ್ಲಿ ಶುರುವಾದ ಆ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಮಾಲ್ಕಮ್ ಕೂಪರ್ 1984ರ ಲಾಸ್ ಏಂಜಲೀಸ್ ಮತ್ತು 1988ರ ಸೋಲ್ ಒಲಿಂಪಿಕ್ಸ್‌ಗಳಲ್ಲಿ 50 ಮೀಟರ್ ಮೂರು ಭಂಗಿಗಳ ರೈಫಲ್ ಚಿನ್ನ ಗೆದ್ದವರು. ಸೈನ್ಯದ ರೈಫಲ್ ಅಂತ ನಾವು ಅಂದುಕೊಳ್ಳುವ ಆಕಾರದ ಹಿಂದೆ ಒಬ್ಬ ಕ್ರೀಡಾಪಟುವಿನ ತಲೆ ಇತ್ತು ಅನ್ನುವುದು ನನಗೆ ಇಷ್ಟದ ಸಂಗತಿ. ಆ ಕಂಪನಿಯ ಚಾಸಿಗೆಂದು ಬಂದ ಮ್ಯಾಗಜೀನಿನ ಮಾದರಿಯೇ ಈಗ ಎಐಸಿಎಸ್ ಹೆಸರಿನಲ್ಲಿ ಈ ಆಟದ ಪ್ರಮಾಣ ಮಾದರಿ.

ಹೊಸಬರು ಎಡವುವುದು ಇಲ್ಲೇ. ಚಾಸಿ ಹಾಕಿದ ಮಾತ್ರಕ್ಕೆ ಗುಂಡುಗಳು ಒಂದೇ ತೂತಿನಲ್ಲಿ ಹೋಗುವುದಿಲ್ಲ. ಆ ಕೆಲಸ ನಳಿಗೆಯದು ಮತ್ತು ಮದ್ದುಗುಂಡಿನದು. ಸರಿಯಾಗಿ ಕೂರಿಸಿದ ಸ್ಟಾಕ್‌ನಲ್ಲಿ ಹೇಗೆ ಹೊಡೆಯುತ್ತಿತ್ತೋ ಹೆಚ್ಚೂಕಡಿಮೆ ಹಾಗೆಯೇ ಚಾಸಿಯಲ್ಲೂ ಹೊಡೆಯುತ್ತದೆ. ಫೌಂಡೇಶನ್, ಮ್ಯಾನರ್ಸ್‌ನಂಥ ಸ್ಟಾಕ್‌ಗಳನ್ನೇ ನೆಚ್ಚಿಕೊಂಡ ಮೇಲ್ಮಟ್ಟದ ಶೂಟರ್‌ಗಳು ಇಂದಿಗೂ ಇದ್ದಾರೆ. ಹಾಗಾದರೆ ಚಾಸಿಗೆ ಇಷ್ಟೊಂದು ದುಡ್ಡು ಏಕೆ? ರೈಫಲ್ ಚೀಲದ ಮೇಲೆ ಹೇಗೆ ಕೂರುತ್ತದೆ, ಗುಂಡು ಹಾರಿದಾಗ ಹೇಗೆ ಒದೆಯುತ್ತದೆ ಅನ್ನುವ ಎರಡನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳುವುದಕ್ಕೆ. ಮಿಕ್ಕದ್ದೆಲ್ಲ ಅನುಕೂಲ, ಇಲ್ಲವೇ ಅಲಂಕಾರ.

ಮೊದಲು ಪಂದ್ಯದ ನಿಯಮ ಓದಿ

ಅಮೆರಿಕದ ಪ್ರಿಸಿಷನ್ ರೈಫಲ್ ಸೀರೀಸ್, ಅಂದರೆ ಪಿಆರ್‌ಎಸ್, 2012ರಲ್ಲಿ ಶುರುವಾಯಿತು. ಸಾಮಾನ್ಯವಾಗಿ ಒಂದೊಂದು ಸುತ್ತಿಗೆ 90 ಸೆಕೆಂಡಿನಿಂದ 2 ನಿಮಿಷದೊಳಗೆ 8–10 ಗುಂಡು. ಅಷ್ಟರಲ್ಲಿ ಮರದ ಬ್ಯಾರಿಕೇಡು, ಕಾಂಕ್ರೀಟ್ ಪೈಪು, ಇಳಿಜಾರು ಸೂರು, ಟೈರು, ಹೀಗೆ ಒಂದರಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತ ದೂರದ ಉಕ್ಕಿನ ಫಲಕಗಳಿಗೆ ಹೊಡೆಯಬೇಕು. ಇಲ್ಲಿ ಓಪನ್ ವಿಭಾಗದಲ್ಲಿ 9–10 ಕೆಜಿ ತೂಗುವ ರೈಫಲ್‌ಗಳು ಮಾಮೂಲು.

ಎನ್‌ಆರ್‌ಎಲ್ (ನ್ಯಾಷನಲ್ ರೈಫಲ್ ಲೀಗ್) ಹಂಟರ್ ಪಂದ್ಯ ಬೇರೆಯೇ. ಬೇಟೆಗಾರನ ಹಾಗೆ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯಬೇಕು, ರೈಫಲ್‌ಗೆ ತೂಕದ ಮಿತಿ ಇದೆ: ಹಗುರ ವಿಭಾಗಕ್ಕೆ 12 ಪೌಂಡು, ಭಾರದ್ದಕ್ಕೆ 16. ಪಿಆರ್‌ಎಸ್‌ಗೆಂದು ಮಾಡಿದ ದಪ್ಪ ಚಾಸಿ ಇಲ್ಲಿ ತಕ್ಕಡಿ ದಾಟುವುದೇ ಇಲ್ಲ. ಎಫ್-ಕ್ಲಾಸ್‌ನಲ್ಲಿ ದೂರದ ಗುರಿಗೆ ಮಲಗಿಯೇ ಹೊಡೆಯುವುದು; ಅದರ ಎರಡು ವಿಭಾಗಗಳಲ್ಲಿ ಎಫ್-ಟಿಆರ್‌ಗೆ ಬೈಪಾಡ್ (ಮುಂದಿನ ಎರಡು ಕಾಲಿನ ಆಸರೆ) ಸೇರಿ 8.25 ಕೆಜಿ, ಎಫ್-ಓಪನ್‌ಗೆ 10 ಕೆಜಿ ಮಿತಿ. ಅಲ್ಲಿ ಬ್ಯಾರಿಕೇಡಿನ ಮಾತೇ ಇಲ್ಲದ್ದರಿಂದ ನಾನು ಮುಂದೆ ಹೇಳುವ ಅರ್ಧ ಲೆಕ್ಕ ಅವರಿಗೆ ಬೇಕಿಲ್ಲ.

ನಮ್ಮಲ್ಲಿ ಹೆಚ್ಚಿನವರು ಟಿವಿಯಲ್ಲಿ ಕಂಡಿರುವುದು ಒಲಿಂಪಿಕ್ಸ್‌ನ ರೈಫಲ್. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಗಳಲ್ಲಿ ಕಂಚು ಗೆದ್ದಾಗ ಎಲ್ಲರೂ ನೋಡಿದ್ದೇವೆ. ಆ ಆಟದಲ್ಲೂ ಅಲ್ಯೂಮಿನಿಯಂ ಸ್ಟಾಕ್‌ಗಳು ಮಾಮೂಲು, ಹೆಸರು ಬೇರೆ ಅಷ್ಟೆ. ಆದರೆ ಅಲ್ಲಿ ರೈಫಲ್ ಮೈಗೆ ಹೊಂದಬೇಕು, ಇಲ್ಲಿ ಚೀಲಕ್ಕೆ ಹೊಂದಬೇಕು. ಅದನ್ನು ನೋಡಿ ಇದನ್ನು ಆರಿಸಬೇಡಿ.

ಸಮತೋಲ: ಏತದ ಲೆಕ್ಕ

ಪಿಆರ್‌ಎಸ್ ಥರದ ಪಂದ್ಯಕ್ಕಾದರೆ ಇದೊಂದನ್ನು ಸರಿಯಾಗಿ ತಿಳಿದರೆ ಸಾಕು, ಅಂಗಡಿಯವನ ಮಾತಿಗೆ ಬೀಳುವುದಿಲ್ಲ.

ಬ್ಯಾರಿಕೇಡಿನ ಮೇಲಿನ ಚೀಲ ಸಾಮಾನ್ಯವಾಗಿ ಮ್ಯಾಗಜೀನಿನ ಮುಂದೆ ಬರುತ್ತದೆ. ಚಾಸಿಯ ಕೆಳಗಡೆ ಅಲ್ಲಿ ಒಂದು ತಡೆ ಇರುತ್ತದೆ, ಅದನ್ನು ಚೀಲಕ್ಕೆ ಒತ್ತಿ ನಿಲ್ಲುತ್ತೇವೆ. ರೈಫಲ್‌ನ ತೂಕದ ನಡು ಆ ಚೀಲದ ಮೇಲೇ ಬಿದ್ದರೆ ಅದು ತಾನಾಗಿ ನಿಲ್ಲುತ್ತದೆ. ನಡು ಹಿಂದಿದ್ದರೆ ಹಿಂಬದಿಯನ್ನು ಭುಜವೋ ಕೈಯೋ ಎತ್ತಿ ಹಿಡಿಯಬೇಕು, ಸ್ನಾಯು ನಡುಗುತ್ತದೆ, ಸ್ಕೋಪಿನ ಗೆರೆ ಫಲಕದ ಮೇಲೆ ತೇಲಾಡುತ್ತದೆ. ತುಂಬ ಮಂದಿಗೆ ಹಿಡಿಸುವ ಜಾಗ ಮ್ಯಾಗಜೀನಿನ ಮುಂದೆ ಸುಮಾರು 5ರಿಂದ 10 ಸೆಂಟಿಮೀಟರ್.

ನನ್ನ ರೈಫಲ್‌ನ ಲೆಕ್ಕವನ್ನೇ ಕೊಡುತ್ತೇನೆ. ಸ್ಕೋಪು, ಬೈಪಾಡ್ ಸೇರಿ 8 ಕೆಜಿ. ತೂಕದ ನಡು ಮ್ಯಾಗಜೀನಿನ ಮುಂಗೋಡೆಯಿಂದ 2 ಸೆಂ.ಮೀ. ಹಿಂದೆ. ಮುಂಗೋಡೆಯನ್ನು ಸೊನ್ನೆ ಅಂತಿಟ್ಟುಕೊಳ್ಳಿ. ಚಾಸಿಯ ಮುಂಚಾಚಿನ (ನಳಿಗೆಯ ಕೆಳಗೆ ಮುಂದಕ್ಕೆ ಚಾಚಿದ ಭಾಗ) ತುದಿಯಲ್ಲಿ, ಸೊನ್ನೆಯಿಂದ 35 ಸೆಂ.ಮೀ. ಮುಂದೆ, 1 ಕೆಜಿ ಉಕ್ಕಿನ ಬಿಲ್ಲೆ ಬಿಗಿದೆ. ಹಿಂದಿನ ಕಡೆಗೆ 8 × 2 = 16, ಮುಂದಿನ ಕಡೆಗೆ 1 × 35 = 35. ವ್ಯತ್ಯಾಸ 19, ಒಟ್ಟು ತೂಕ 9; ಭಾಗಿಸಿದರೆ 2.1. ಅಂದರೆ ನಡು ಈಗ ಸೊನ್ನೆಯ ಮುಂದೆ 2 ಸೆಂ.ಮೀ. ಬಂತು, ಒಟ್ಟು 4 ಸೆಂ.ಮೀ. ಜರುಗಿತು. ಅದೇ 1 ಕೆಜಿಯನ್ನು ಕೇವಲ 10 ಸೆಂ.ಮೀ. ಮುಂದೆ ಹಾಕಿದ್ದರೆ? 16ರಲ್ಲಿ 10 ಕಳೆದು 9ರಿಂದ ಭಾಗಿಸಿ: ನಡು ಇನ್ನೂ ಸೊನ್ನೆಯ ಹಿಂದೆಯೇ. ಹೊತ್ತದ್ದು ಅಷ್ಟೇ ಕೆಜಿ, ಸಿಕ್ಕಿದ್ದು ಹೆಚ್ಚೇನಿಲ್ಲ. ಏತದಲ್ಲಿ ನೀರೆತ್ತಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಲ್ಲು ಎಷ್ಟು ದೊಡ್ಡದು ಅನ್ನುವಷ್ಟೇ ಮುಖ್ಯ ಅದನ್ನು ಎಷ್ಟು ದೂರ ಕಟ್ಟಿದ್ದೀರಿ ಅನ್ನುವುದು.

ಇದರಿಂದ ಚಾಸಿಯಲ್ಲಿ ನೋಡಬೇಕಾದ್ದು ಎರಡು. ಮುಂಚಾಚು ಉದ್ದ ಇರಬೇಕು, ಅದರ ತುದಿಯವರೆಗೂ ತೂಕ ಬಿಗಿಯುವ ಜಾಗ ಇರಬೇಕು. ಎಂಡಿಟಿ ಕಂಪನಿಯ ಎಸಿಸಿ, ಮಾಸ್ಟರ್‌ಪೀಸ್ ಆರ್ಮ್ಸ್‌ನ ಮ್ಯಾಟ್ರಿಕ್ಸ್‌ನಂಥವು ಸ್ಪರ್ಧೆಯನ್ನೇ ಮನಸ್ಸಿನಲ್ಲಿಟ್ಟು ಮಾಡಿದವು, ಅವುಗಳಿಗೆ ತೂಕದ ಬಿಲ್ಲೆಗಳನ್ನು ಬೇರೆಯಾಗಿಯೇ ಮಾರುತ್ತಾರೆ.

ಕೊಳ್ಳುವ ಮುಂಚೆ ಇನ್ನೊಬ್ಬರ ಚಾಸಿಯಲ್ಲಿ ಪರೀಕ್ಷೆ ಮಾಡುವುದಾದರೆ ರೈಫಲ್ ಪೂರ್ತಿ ಸಜ್ಜಾಗಿರಲಿ. ಸ್ಕೋಪು, ಬೈಪಾಡ್, ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಬಳಸುವವರಾದರೆ ಅದೂ, ಡಮ್ಮಿ ಗುಂಡು ತುಂಬಿದ ಮ್ಯಾಗಜೀನೂ ಇರಲಿ. 26 ಇಂಚಿನ ದಪ್ಪ ನಳಿಗೆಯ ರೈಫಲ್‌ಗೆ ಸರಿಹೋದ ಚಾಸಿ ನಿಮ್ಮ 20 ಇಂಚಿನ ಸಣ್ಣ ನಳಿಗೆಗೆ ಹಿಂದಕ್ಕೆ ವಾಲಬಹುದು. ನನಗಾದದ್ದು ಅದೇ. ತಪ್ಪು ಚಾಸಿಯದಲ್ಲ, ಅಳೆಯದೆ ಕೊಂಡ ನನ್ನದು.

ತೂಕ ಮತ್ತು ಒದೆತ

ತೂಕ ಏಕೆ ಬೇಕು? ಭುಜ ನೋಯುತ್ತದೆ ಅಂತಲ್ಲ. ನಮ್ಮ ಗುಂಡು ಎಲ್ಲಿ ಬಿತ್ತು ಅಂತ ನಾವೇ ಸ್ಕೋಪಿನಲ್ಲಿ ನೋಡಬೇಕು, ಮುಂದಿನ ಗುಂಡಿಗೆ ಗಾಳಿಯ ಲೆಕ್ಕ ತಿದ್ದಬೇಕು. 600 ಮೀಟರಿಗೆ ಗುಂಡು ತಲುಪಲು ಒಂದು ಸೆಕೆಂಡೂ ಬೇಡ. ಅಷ್ಟರೊಳಗೆ ರೈಫಲ್ ಒದ್ದು, ಮರಳಿ ಫಲಕದ ಮೇಲೆ ನಿಂತಿರಬೇಕು.

ಲೆಕ್ಕ ನೋಡಿ. 6.5 ಕ್ರೀಡ್‌ಮೋರ್‌ನ (ಇದೊಂದು ತೋಟಾ) 140 ಗ್ರೇನ್ ಗುಂಡು ಅಂದರೆ 9 ಗ್ರಾಂ, ವೇಗ ಸೆಕೆಂಡಿಗೆ 820 ಮೀಟರ್ ಆಸುಪಾಸು. ಮದ್ದು ಸುಮಾರು 2.7 ಗ್ರಾಂ, ಅದರ ಅನಿಲ ಸೆಕೆಂಡಿಗೆ 1200 ಮೀಟರ್ ವೇಗದಲ್ಲಿ ನುಗ್ಗುತ್ತದೆ ಅಂತ ಹಿಡಿಯೋಣ. ಎರಡರ ಆವೇಗ ಕೂಡಿದರೆ ಸುಮಾರು 10.6 ಕೆಜಿ-ಮೀಟರ್/ಸೆಕೆಂಡ್. 5 ಕೆಜಿ ರೈಫಲ್ ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ 2.1 ಮೀಟರ್, ಶಕ್ತಿ 11 ಜೂಲ್. 10 ಕೆಜಿಯದ್ದಕ್ಕೆ 1.06 ಮೀಟರ್, 5.6 ಜೂಲ್. ತೂಕ ಎರಡರಷ್ಟಾದರೆ ಒದೆತದ ಶಕ್ತಿ ಅರ್ಧ. ಅದೇ 10 ಕೆಜಿಯಲ್ಲಿ 6 ಮಿ.ಮೀ. ಡ್ಯಾಶರ್‌ನಂಥ ಚಿಕ್ಕ ತೋಟಾ ಹಾಕಿದರೆ 3.4 ಜೂಲ್ ಸುತ್ತಮುತ್ತ. ನಳಿಗೆಯ ಮೂತಿಗೆ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಬ್ರೇಕ್ ಹಾಕಿದರೆ ಇದೆಲ್ಲ ಇನ್ನೂ ಇಳಿಯುತ್ತದೆ. ಪಂದ್ಯದಲ್ಲಿ 6 ಮಿ.ಮೀ. ತೋಟಾಗಳೇ ಏಕೆ ತುಂಬಿಕೊಂಡಿವೆ ಅನ್ನುವುದಕ್ಕೆ ಈ ಅಂಕಿಗಳೇ ಸಾಕು.

ಹಾಗಂತ ಹುಟ್ಟಾ ಭಾರದ ಚಾಸಿ ಕೊಳ್ಳಬೇಡಿ ಅನ್ನುವುದು ನನ್ನ ಮಾತು. ಬರಿಯ ಚಾಸಿ ಹಗುರ ಇರಲಿ, ತೂಕ ಹಾಕುವ ಜಾಗ ಧಾರಾಳ ಇರಲಿ. ಹಾಕಿದ್ದನ್ನು ತೆಗೆಯಬಹುದು, ಹುಟ್ಟಿನಿಂದ ಬಂದ ಭಾರವನ್ನು ಕೊರೆದು ತೆಗೆಯಲಾಗದು.

ಮೈ, ಕೆನ್ನೆ, ತಳ

ಕಣ್ಣು ಮುಚ್ಚಿ ರೈಫಲ್ ಭುಜಕ್ಕಿಟ್ಟು ಕೆನ್ನೆ ಊರಿ, ಆಮೇಲೆ ಕಣ್ಣು ಬಿಡಿ. ಸ್ಕೋಪಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಂಡರೆ ಕೆನ್ನೆಪಟ್ಟಿ ಸರಿ ಇದೆ. ಕತ್ತು ಎತ್ತಬೇಕಾಯಿತೋ, ತಗ್ಗಿಸಬೇಕಾಯಿತೋ, ಪಟ್ಟಿಯನ್ನು ಸರಿಸಿ. ಕೆನ್ನೆಪಟ್ಟಿ, ಹಿಂಬದಿಯ ಉದ್ದ, ರಬ್ಬರ್ ಪ್ಯಾಡಿನ ಎತ್ತರ, ಈ ಮೂರೂ ಬದಲಾಗುವ ಚಾಸಿ ಇರಲಿ. ಬೆರಳ ತುದಿಯ ಮೆತ್ತನೆ ಭಾಗ ಟ್ರಿಗರಿನ ಮೇಲೆ ನೇರ ಹಿಂದಕ್ಕೆ ಎಳೆಯುವ ಹಾಗೆ ಹಿಡಿ ಕೂರಬೇಕು. ಕೈ ಚಿಕ್ಕದಿದ್ದವರು ಇದನ್ನು ಮರೆಯಬೇಡಿ. ಹಲವು ಚಾಸಿಗಳಲ್ಲಿ ಎಆರ್-15 ಮಾದರಿಯ ಹಿಡಿಗಳನ್ನು ಬದಲಾಯಿಸಿ ಹಾಕಬಹುದು.

ತಳದಲ್ಲಿ ಉದ್ದಕ್ಕೂ ಆರ್ಕಾ ರೈಲು ಬೇಕೇ ಬೇಕು. ಇದು ಕ್ಯಾಮೆರಾದವರಿಂದ ಬಂದ ಸಾಲ. ಟ್ರೈಪಾಡ್ ತಲೆಗೆ ಕ್ಯಾಮೆರಾ ಕೂರಿಸುವ ಅದೇ ಓರೆ ಅಂಚಿನ ಪಟ್ಟಿ. ಬೈಪಾಡನ್ನು ಹಿಂದೆ ಮುಂದೆ ಜಾರಿಸಿ ಒಂದು ಲಿವರ್ ಬಿಗಿದರೆ ಆಯಿತು. ಮಡಚುವ ಹಿಂಬದಿ ವಿಮಾನದ ಪೆಟ್ಟಿಗೆಗೆ ಒಳ್ಳೆಯದು, ಪಂದ್ಯದಲ್ಲಿ ಅದರಿಂದ ಒಂದು ಅಂಕವೂ ಬರುವುದಿಲ್ಲ.

ಕೂರಿಸುವಾಗ

ನಿಮ್ಮ ಆ್ಯಕ್ಷನ್ ಯಾವುದೆಂದು ನೋಡಿಯೇ ಚಾಸಿ ತರಿಸಿ. ರೆಮಿಂಗ್ಟನ್ 700ರ ಅಚ್ಚಿಗೆ ಆಯ್ಕೆ ಅತಿ ಹೆಚ್ಚು. ಟಿಕ್ಕಾ ಟಿ3, ಹೋವಾ 1500ಗೆ ಬೇರೆ ಬೇರೆ ಅಚ್ಚು. ಜೋಡಿಸುವಾಗ ನಳಿಗೆ ಮೇಲೆ ಮಾಡಿ ನಿಲ್ಲಿಸಿ, ರಿಕಾಯಿಲ್ ಲಗ್ (ಒದೆತವನ್ನು ಚಾಸಿಗೆ ದಾಟಿಸುವ, ಆ್ಯಕ್ಷನ್ನಿನ ಕೆಳಗಿನ ಗಟ್ಟಿ ಚಾಚು) ಚಾಸಿಯ ಗೋಡೆಗೆ ಒರಗುವ ಹಾಗೆ ಆ್ಯಕ್ಷನ್ನನ್ನು ಹಿಂದಕ್ಕೆ ಒತ್ತಿಹಿಡಿದು ಸ್ಕ್ರೂ ಬಿಗಿಯಿರಿ. ಬಿಗಿತ ತಯಾರಕರು ಹೇಳಿದಷ್ಟೇ. ಅಲ್ಯೂಮಿನಿಯಂ ಚಾಸಿಗಳಿಗೆ 60–65 ಇಂಚು-ಪೌಂಡು, ಅಂದರೆ ಸುಮಾರು 7 ನ್ಯೂಟನ್-ಮೀಟರ್, ಸಾಮಾನ್ಯ. ಟಾರ್ಕ್ ವ್ರೆಂಚ್ ಇಲ್ಲದೆ ಅಂದಾಜಿನಲ್ಲಿ ಬಿಗಿಯುವವರು ಆಮೇಲೆ ನಳಿಗೆಯನ್ನು ಬೈಯುತ್ತಾರೆ. ಬಿಗಿದ ಮೇಲೆ ಡಮ್ಮಿ ಗುಂಡು ಹಾಕಿ ಮ್ಯಾಗಜೀನಿನಿಂದ ಹತ್ತು ಸಲ ಎಳೆದು ನೋಡಿ. ನನ್ನ ಒಂದು ಚಾಸಿಯಲ್ಲಿ ಮ್ಯಾಗಜೀನ್ ತುಸು ತಗ್ಗಿ ಕೂತು ಬೋಲ್ಟ್ ಗುಂಡನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಗೊತ್ತಾದದ್ದು ಗಡಿಯಾರ ಓಡುತ್ತಿರುವಾಗ.

ದುಡ್ಡು, ಕಾಗದಪತ್ರ

ಕೆಆರ್‌ಜಿ ಬ್ರಾವೊ, ಎಂಡಿಟಿ ಒರಿಕ್ಸ್‌ನಂಥವು 400 ಡಾಲರ್ ಆಸುಪಾಸು. ಸ್ಪರ್ಧೆಯ ದೊಡ್ಡ ಚಾಸಿಗಳು 1000 ದಾಟುತ್ತವೆ. ಮೊದಲ ವರ್ಷ ಅಗ್ಗದ್ದು ಕೊಂಡು ಉಳಿದ 600ನ್ನು ಮದ್ದುಗುಂಡಿಗೆ ಹಾಕಿ. ಅದಕ್ಕೂ ಮೊದಲು .22 ರೈಫಲ್‌ನಲ್ಲಿ ಎನ್‌ಆರ್‌ಎಲ್22 ಪಂದ್ಯ ಆಡಿದರೆ 100 ಗಜದೊಳಗೇ ಇದೇ ಪಾಠ ಅಗ್ಗದಲ್ಲಿ ಸಿಗುತ್ತದೆ.

ಅಮೆರಿಕದಲ್ಲಿ ಕಾನೂನು ಬಂದೂಕೆಂದು ಎಣಿಸುವುದು ಆ್ಯಕ್ಷನ್ನನ್ನು. ಬರಿಯ ಚಾಸಿ ಅಂಚೆಯಲ್ಲಿ ಮನೆಗೇ ಬರುತ್ತದೆ. ಆದರೆ ಎಚ್-1ಬಿಯಂಥ ವೀಸಾದಲ್ಲಿ ಇರುವವರಿಗೆ ಬಂದೂಕು, ಗುಂಡು ಇಟ್ಟುಕೊಳ್ಳಲು ಫೆಡರಲ್ ನಿಷೇಧ ಇದೆ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಗೆಳೆಯರ ರೈಫಲ್ ಮುಟ್ಟುವ ಮುಂಚೆ ವಕೀಲರನ್ನು ಕೇಳಿ. ಊರಿಗೆ ಹೋಗುವಾಗ ಉಪ್ಪಿನಕಾಯಿ ಡಬ್ಬಿಯ ಪಕ್ಕ ಚಾಸಿಯನ್ನು ಸೂಟ್‌ಕೇಸಿಗೆ ತುರುಕುವ ಯೋಚನೆಯೂ ಬೇಡ, ಎರಡೂ ದೇಶಗಳ ನಿಯಮ ಅಡ್ಡ ಬರುತ್ತದೆ. ಕೊಡಗಿನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ನಕ್ಕ. ಅವರಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ ಮರದ ಮೇಲಿನ ತೆಂಗಿನಕಾಯಿಗೆ ಗುರಿ ಇಡುತ್ತಾರೆ, ಚೀಲವೂ ಇಲ್ಲ, ಬಿಲ್ಲೆಯೂ ಇಲ್ಲ.

ನನ್ನ ಹಳೆಯ ಚಾಸಿಯನ್ನು ನಾನಿನ್ನೂ ಮಾರಿಲ್ಲ. ನಳಿಗೆ ಬದಲಾಯಿಸಿ ಉದ್ದದ್ದು ಹಾಕಿದ ಮೇಲೆ, ಅದೇ 1 ಕೆಜಿ ಬಿಲ್ಲೆಯೊಂದಿಗೆ, ನಡು ಮ್ಯಾಗಜೀನಿನ ಮುಂದೆ 6 ಸೆಂ.ಮೀ.ಗೆ ಬಂದು ಕೂತಿದೆ. ಆ ಜಾಗಕ್ಕೆ ಬಿಳಿ ಟೇಪಿನ ಗೆರೆ ಹಚ್ಚಿದ್ದೇನೆ. ಗಡಿಯಾರ ಓಡುವಾಗ ಚೀಲದ ಮೇಲೆ ಗೆರೆ ಕಂಡರೆ ಸಾಕು, ಬೇರೆ ಏನೂ ನೋಡುವುದಿಲ್ಲ.